ಮ್ಯೂಸ್‌ಸ್ಕೋರ್ ಸ್ಟುಡಿಯೋದಲ್ಲಿ ಸ್ವರ ಬರೆಯುವ ಕೀಗಳು: ಯಾವುದನ್ನು ಇದ್ದಂತೆಯೇ ಬಿಡಬೇಕು, ಯಾವುದನ್ನು ಬದಲಿಸಬೇಕು

1988ರಿಂದ ಬಳಕೆಯಲ್ಲಿದ್ದ ಫಿನಾಲೆ ಎಂಬ ಸಂಗೀತ ಲಿಪಿ ಬರೆಯುವ ತಂತ್ರಾಂಶವನ್ನು ಇನ್ನು ಮುಂದೆ ಅಭಿವೃದ್ಧಿಪಡಿಸುವುದಿಲ್ಲವೆಂದು ಅದರ ತಯಾರಕರಾದ ಮೇಕ್‌ಮ್ಯೂಸಿಕ್ ಸಂಸ್ಥೆಯವರು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಮೇಲೆ, ಐದು ಗೆರೆಗಳ ಪಾಶ್ಚಾತ್ಯ ಸಂಗೀತ ಲಿಪಿಯಾದ ಸ್ಟಾಫ್ ನೋಟೇಶನ್ ಬರೆಯುವವರಲ್ಲಿ ಬಹಳ ಮಂದಿ ಹೊಸ ತಂತ್ರಾಂಶ ಹುಡುಕಬೇಕಾಯಿತು. ಕೆಲವರು ಡೊರಿಕೊಗೆ ಹೋದರು, ಕೆಲವರು ಸಿಬೇಲಿಯಸ್‌ಗೆ ಹೋದರು, ಹಣ ಕೊಡದೆ ಸಿಗುವ ಮ್ಯೂಸ್‌ಸ್ಕೋರ್ ಸ್ಟುಡಿಯೋಗೆ ಬಂದವರೂ ಇದ್ದಾರೆ. ಹೀಗೆ ಬಂದವರು ಮೊದಲು ಎಡವುವುದು ಕೀಬೋರ್ಡಿನ ಮೇಲೆಯೇ. ಮೆನುವಿನಲ್ಲಿ ಏನು ಎಲ್ಲಿದೆ ಎಂಬುದು ಕೆಲವು ದಿನಗಳಲ್ಲಿ ತಿಳಿಯುತ್ತದೆ. ಆದರೆ ಒಂದು ಎಣಿಕೆಯ ಸ್ವರವಾದ ಕ್ರಾಚೆಟ್‌ಗೆ ಯಾವ ಅಂಕಿ, ವಿರಾಮಕ್ಕೆ ಯಾವ ಕೀ, ಅರ್ಧ ಸ್ವರ ಏರಿಸುವ ಶಾರ್ಪ್‌ಗೆ ಯಾವ ಬೆರಳು ಎಂಬುದು ಕೈಗೆ ಹತ್ತಿದ ಅಭ್ಯಾಸ, ಅದನ್ನು ಬಿಟ್ಟು ಹೊಸದನ್ನು ರೂಢಿಸಿಕೊಳ್ಳುವುದು ಸುಲಭವಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ಮ್ಯೂಸ್‌ಸ್ಕೋರ್ ಸ್ಟುಡಿಯೋದ ನಾಲ್ಕನೆಯ ಆವೃತ್ತಿಯನ್ನು ಅದರ ಧ್ವನಿಗಾಗಲಿ ಮುದ್ರಣದ ಅಂದಕ್ಕಾಗಲಿ ಅಳೆಯದೆ, ಸ್ವರವೊಂದು ಮನಸ್ಸಿನಿಂದ ಪುಟಕ್ಕೆ ಬರಲು ಎಷ್ಟು ಕೀಗಳನ್ನು ಕೇಳುತ್ತದೆ, ಆ ಕೀಗಳು ಸರಿಯಾದ ಜಾಗದಲ್ಲಿವೆಯೇ ಎಂಬ ಒಂದೇ ದೃಷ್ಟಿಯಿಂದ ನೋಡುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವರದ ಹೆಸರಿನ ಏಳು ಅಕ್ಷರಗಳನ್ನೂ ಕಾಲಪ್ರಮಾಣದ ಅಂಕಿಗಳನ್ನೂ ಬಹುಪಾಲು ಜನ ಮುಟ್ಟದೆ ಬಿಡುವುದು ಒಳ್ಳೆಯದು. ಬದಲಿಸಬೇಕಾದದ್ದು ಅವುಗಳ ಆಸುಪಾಸಿನ ನಾಲ್ಕಾರು ಕೀಗಳನ್ನು ಮಾತ್ರ. ಆ ನಾಲ್ಕಾರು ಕೀಗಳು ಯಾವುವೆಂದು ತಿಳಿದು ಆರಿಸಿಕೊಂಡವರಿಗೆ ಈ ತಂತ್ರಾಂಶ ಬಹಳ ವೇಗವಾಗಿ ಒಲಿಯುತ್ತದೆ.

ವರ್ನರ್ ಶ್ವೇರ್ ಎಂಬ ಜರ್ಮನ್ ಪ್ರೋಗ್ರಾಮರ್ 2002ರಲ್ಲಿ ಆರಂಭಿಸಿದ ಈ ಯೋಜನೆ ಇಂದಿಗೂ ಮುಕ್ತ ತಂತ್ರಾಂಶವಾಗಿಯೇ ಉಳಿದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರ ಹೊರರೂಪವನ್ನು ಬುಡದಿಂದ ಬದಲಿಸಿದ 4.0 ಆವೃತ್ತಿ 2022ರ ಡಿಸೆಂಬರ್‌ನಲ್ಲಿ ಬಂತು. ಸ್ವರ ದಾಖಲಿಸುವ ಕ್ರಮಕ್ಕೆ ಸಂಬಂಧಿಸಿದ ಮುಖ್ಯ ಬದಲಾವಣೆ ಬಂದದ್ದು 2025ರ 4.5 ಆವೃತ್ತಿಯಲ್ಲಿ, ಅದರ ವಿಚಾರ ಮುಂದೆ ಬರುತ್ತದೆ.

ಮೂಲ ಕ್ರಮ ಹೀಗಿದೆ. ‘ಎನ್’ ಒತ್ತಿದರೆ ಸ್ವರ ಬರೆಯುವ ಸ್ಥಿತಿ ತೆರೆದುಕೊಳ್ಳುತ್ತದೆ. ಅಂಕಿಯಿಂದ ಕಾಲಪ್ರಮಾಣ, ಅಕ್ಷರದಿಂದ ಸ್ವರ. 3 ಸೆಮಿಕ್ವೇವರ್, 4 ಕ್ವೇವರ್, 5 ಕ್ರಾಚೆಟ್, 6 ಮಿನಿಮ್, 7 ಸೆಮಿಬ್ರೀವ್; ಒಂದು ಅಂಕಿ ಮೇಲೆ ಹೋದರೆ ಅವಧಿ ಎರಡರಷ್ಟಾಗುತ್ತದೆ, ಒಂದು ಅಂಕಿ ಕೆಳಗೆ ಬಂದರೆ ಅರ್ಧವಾಗುತ್ತದೆ. ಅವಧಿಯನ್ನು ಒಂದೂವರೆ ಪಟ್ಟು ಮಾಡುವ ಚುಕ್ಕೆಗೆ ಚುಕ್ಕೆಯ ಕೀ, ವಿರಾಮಕ್ಕೆ ಸೊನ್ನೆ, ಒಂದೇ ಸ್ವರದ ಎರಡು ಗುರುತುಗಳನ್ನು ಒಂದಾಗಿ ಬೆಸೆಯುವ ಟೈಗೆ ‘ಟಿ’. ನಾಲ್ಕು ಎಣಿಕೆಯ ಒಂದು ಬಾರ್‌ನಲ್ಲಿ (ಎರಡು ನಿಲುಗೆರೆಗಳ ನಡುವಿನ ಭಾಗದಲ್ಲಿ) ಚುಕ್ಕೆಯಿರುವ ಕ್ರಾಚೆಟ್ ‘ಸಿ’, ಅದರ ಹಿಂದೆ ಕ್ವೇವರ್ ‘ಡಿ’, ಆಮೇಲೆ ಕ್ರಾಚೆಟ್ ‘ಇ’, ಕೊನೆಗೆ ಒಂದು ಎಣಿಕೆಯ ವಿರಾಮ ಬರಬೇಕೆಂದಿಟ್ಟುಕೊಳ್ಳಿ. ಒತ್ತಬೇಕಾದ ಕೀಗಳು ಕ್ರಮವಾಗಿ 5, ಚುಕ್ಕೆ, ಸಿ, 4, ಡಿ, 5, ಇ, 0. ಒಟ್ಟು ಎಂಟು ಕೀಗಳಲ್ಲಿ ಒಂದು ಬಾರ್ ಮುಗಿಯಿತು, ಮೌಸ್ ಮುಟ್ಟುವ ಪ್ರಸಂಗವೇ ಬರಲಿಲ್ಲ. ಹೊಸ ಅಂಕಿ ಒತ್ತಿದೊಡನೆ ಹಿಂದಿನ ಚುಕ್ಕೆ ತಾನಾಗಿ ತೆಗೆದುಹೋಗುತ್ತದೆ ಎಂಬುದನ್ನು ಗಮನಿಸಬೇಕು. ಸಣ್ಣ ವಿಷಯವಾದರೂ ಇಡೀ ದಿನ ಬರೆಯುವವರಿಗೆ ಇದು ಬಹಳ ದೊಡ್ಡ ಉಪಕಾರ.

ಟ್ರಿನಿಟಿ ಪರೀಕ್ಷೆಗಳ ಮೂಲಕ ಪಾಶ್ಚಾತ್ಯ ಸಂಗೀತ ಕಲಿತ ನಮ್ಮ ಕಡೆಯವರಿಗೆ ಕ್ರಾಚೆಟ್, ಕ್ವೇವರ್ ಎಂಬ ಹೆಸರುಗಳೇ ಪರಿಚಿತವಾಗಿರುವುದರಿಂದ, ತಂತ್ರಾಂಶದ ಭಾಷೆಯನ್ನು ಅಮೆರಿಕದ ಇಂಗ್ಲಿಷ್ ಬದಲು ಬ್ರಿಟನ್ನಿನ ಇಂಗ್ಲಿಷ್‌ಗೆ ಹೊಂದಿಸಿಕೊಳ್ಳುವುದು ಲೇಸು. ಹಾಗೆ ಮಾಡಿದರೆ ಶಾರ್ಟ್‌ಕಟ್ ಪಟ್ಟಿಯಲ್ಲಿ ಹುಡುಕುವಾಗಲೂ ಅದೇ ಹೆಸರುಗಳು ಸಿಗುತ್ತವೆ.

ಇನ್ನು ಕೈಗಳ ವಿಚಾರ. ನಾವೆಲ್ಲ ಬಳಸುವ ಸಾಮಾನ್ಯ ಕೀಬೋರ್ಡಿನಲ್ಲಿ ಎ ಯಿಂದ ಜಿ ವರೆಗಿನ ಏಳೂ ಅಕ್ಷರಗಳು ಎಡಗೈಯ ಪಾಲಿಗೆ ಬರುತ್ತವೆ. ಎ, ಡಿ, ಎಫ್, ಜಿ ನಡುಸಾಲಿನಲ್ಲಿ, ಇ ಮೇಲಿನ ಸಾಲಿನಲ್ಲಿ, ಸಿ ಮತ್ತು ಬಿ ಕೆಳಸಾಲಿನಲ್ಲಿ. ಈ ಆಕಸ್ಮಿಕವನ್ನು ಚೆನ್ನಾಗಿ ದುಡಿಸಿಕೊಂಡ ತಂತ್ರಾಂಶ ಸಿಬೇಲಿಯಸ್. ಫಿನ್ ಎಂಬ ಅವಳಿ ಸಹೋದರರು ರೂಪಿಸಿ 1993ರಲ್ಲಿ ಏಕಾರ್ನ್ ಕಂಪ್ಯೂಟರ್‌ಗಳಿಗಾಗಿ ಬಿಡುಗಡೆ ಮಾಡಿದ ಈ ತಂತ್ರಾಂಶದಲ್ಲಿ ಸ್ವರದ ಅಕ್ಷರಗಳು ಎಡಗೈಗೆ, ಅವಧಿ, ಚುಕ್ಕೆ, ಶಾರ್ಪ್, ಅರ್ಧ ಸ್ವರ ಇಳಿಸುವ ಫ್ಲ್ಯಾಟ್, ವಿರಾಮ ಎಲ್ಲವೂ ಬಲತುದಿಯ ಅಂಕಿಫಲಕದಲ್ಲಿ ಬಲಗೈಗೆ ಎಂದು ಕೆಲಸ ಹಂಚಿಕೆಯಾಗಿದೆ. ಎರಡು ಕೈಗಳು ಒಂದರ ಹಾದಿಗೆ ಇನ್ನೊಂದು ಬರದೆ ನಡೆಯುವ ಈ ವಿನ್ಯಾಸಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಆದರೆ ಅದು ಪೂರ್ಣ ಗಾತ್ರದ ಕೀಬೋರ್ಡನ್ನು ಬೇಡುತ್ತದೆ. ಅಂಕಿಫಲಕವಿಲ್ಲದ ಲ್ಯಾಪ್‌ಟಾಪ್‌ನಲ್ಲಿ ಆ ಸೊಗಸೆಲ್ಲ ಕಳೆದುಹೋಗುತ್ತದೆ. ಮ್ಯೂಸ್‌ಸ್ಕೋರ್‌ನ ಕ್ರಮ ಮೇಲಿನ ಅಂಕಿಸಾಲನ್ನು ನಂಬಿಕೊಂಡಿರುವುದರಿಂದ ಯಾವ ಲ್ಯಾಪ್‌ಟಾಪ್‌ನಲ್ಲಾದರೂ ಒಂದೇ ರೀತಿ ನಡೆಯುತ್ತದೆ, ಆದರೆ 3, 4, 5 ಕೂಡ ಎಡಬದಿಯಲ್ಲೇ ಇರುವುದರಿಂದ ಎಡಗೈಗೆ ಹೊರೆ ಹೆಚ್ಚು. ಇದಕ್ಕೆ ಪರಿಹಾರ ಕೀ ಬದಲಿಸುವುದರಲ್ಲಿಲ್ಲ, ಬೆರಳು ಹಂಚುವುದರಲ್ಲಿದೆ. ಟೈಪಿಂಗ್ ತರಗತಿಯಲ್ಲಿ ಕಲಿತದ್ದನ್ನು ಬದಿಗಿಟ್ಟು, ಅಂಕಿಗಳನ್ನೆಲ್ಲ ಬಲಗೈಗೇ ಬಿಟ್ಟುಕೊಡಿ. ಎಡಗೈ ಅಕ್ಷರಗಳನ್ನು ಬಿಟ್ಟು ಕದಲದಿರಲಿ. ಮೊದಲು ಬಲಗೈ ಎಡಕ್ಕೆ ವಾಲಿದಂತೆ ಅನಿಸುತ್ತದೆ, ಆಮೇಲೆ ಅದೇ ಸಹಜವಾಗುತ್ತದೆ.

ಬೇರೆ ತಂತ್ರಾಂಶದಿಂದ ಬಂದವರನ್ನು ಕಾಡುವುದು ಅಂಕಿಗಳ ವ್ಯತ್ಯಾಸ. ಕ್ರಾಚೆಟ್ ಸಿಬೇಲಿಯಸ್‌ನಲ್ಲಿ 4, ಮ್ಯೂಸ್‌ಸ್ಕೋರ್‌ನಲ್ಲಿ 5, ಡೊರಿಕೊದಲ್ಲಿ 6. ಅಕ್ಷರ ಮತ್ತು ಚಿಹ್ನೆಗಳನ್ನು ಬರೆದೇ ಸಂಗೀತ ಮುದ್ರಿಸುವ ಲಿಲಿಪಾಂಡ್‌ನಲ್ಲಿ ಕ್ರಾಚೆಟ್‌ಗೆ 4, ಆದರೆ ಕ್ವೇವರ್‌ಗೆ 8, ಏಕೆಂದರೆ ಅಲ್ಲಿ ಅಂಕಿ ನಿಲ್ಲುವುದು ಪೂರ್ಣ ಸ್ವರದ ಎಷ್ಟನೆಯ ಒಂದು ಭಾಗ ಎಂಬುದಕ್ಕೆ. ಫಿನಾಲೆಯ ಸ್ಪೀಡಿ ಎಂಟ್ರಿ ಎಂಬ ಸ್ವರ ದಾಖಲಿಸುವ ಕ್ರಮ ಬಳಸಿದವರಿಗೆ ಮಾತ್ರ ಮ್ಯೂಸ್‌ಸ್ಕೋರ್ ತವರಿನಂತೆ, ಅಲ್ಲೂ ಕ್ರಾಚೆಟ್ 5, ಕ್ವೇವರ್ 4. ಒಂದೇ ಅಂಕಿಯಷ್ಟು ಸರಿದಿರುವ ಈ ವ್ಯತ್ಯಾಸ ಪೂರ್ತಿ ಬೇರೆಯಾದ ವಿನ್ಯಾಸಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ತಪ್ಪು ಅಂಕಿ ಒತ್ತಿದಾಗ ತಂತ್ರಾಂಶ ತಕರಾರು ಮಾಡದೆ ಅರ್ಧ ಅಥವಾ ಎರಡರಷ್ಟು ಅವಧಿಯ ಸ್ವರವನ್ನು ಬರೆದು ಮುಂದೆ ಹೋಗುತ್ತದೆ, ಅಲ್ಲಿಂದಾಚೆಗೆ ಆ ಸಾಲಿನ ಲೆಕ್ಕವೆಲ್ಲ ತಪ್ಪುತ್ತದೆ. ಹಳೆಯ ತಂತ್ರಾಂಶವನ್ನು ಪೂರ್ತಿ ಬಿಟ್ಟು ಬಂದವರು ಹೊಸ ಅಂಕಿಗಳನ್ನೇ ಕಲಿಯಲಿ ಎಂಬುದು ನನ್ನ ಸಲಹೆ. ಸ್ಟುಡಿಯೋದಲ್ಲಿ ಸಿಬೇಲಿಯಸ್, ಮನೆಯಲ್ಲಿ ಮ್ಯೂಸ್‌ಸ್ಕೋರ್ ಎಂದು ಎರಡನ್ನೂ ನಡೆಸುವವರು ಮಾತ್ರ ಸೆಟ್ಟಿಂಗ್‌ಗೆ ಹೋಗಿ ಅವಧಿಗಳನ್ನು ಒಂದೊಂದು ಅಂಕಿ ಕೆಳಗಿಳಿಸಿ, ಎರಡೂ ಕಡೆ ಒಂದೇ ಆಗುವಂತೆ ಮಾಡಿಕೊಳ್ಳಬೇಕು.

ಶಾರ್ಪ್ ಮತ್ತು ಫ್ಲ್ಯಾಟ್‌ಗಳ ವಿಷಯದಲ್ಲಿ ಮಾತ್ರ ಮೂಲ ವಿನ್ಯಾಸವನ್ನು ನಾನು ಒಪ್ಪುವುದಿಲ್ಲ. ಮ್ಯೂಸ್‌ಸ್ಕೋರ್‌ನಲ್ಲಿ ಶಾರ್ಪ್‌ಗೆ ಅಧಿಕ ಚಿಹ್ನೆ, ಫ್ಲ್ಯಾಟ್‌ಗೆ ಕಳೆ ಚಿಹ್ನೆ, ಅವೆರಡನ್ನೂ ರದ್ದುಮಾಡುವ ನ್ಯಾಚುರಲ್‌ಗೆ ಸಮ ಚಿಹ್ನೆ. ಸ್ವರದ ಅಕ್ಷರಕ್ಕಿಂತ ಮೊದಲು ಇವನ್ನು ಒತ್ತಬೇಕು. ನೆನಪಿಟ್ಟುಕೊಳ್ಳಲು ಸುಲಭವೇನೋ ಹೌದು. ಆದರೆ ಸಾಮಾನ್ಯ ಕೀಬೋರ್ಡಿನಲ್ಲಿ ಸಮ ಮತ್ತು ಅಧಿಕ ಎರಡೂ ಒಂದೇ ಕೀಯಲ್ಲಿದ್ದು, ಅಧಿಕಕ್ಕೆ ಶಿಫ್ಟ್ ಹಿಡಿಯಬೇಕಾಗುತ್ತದೆ. ಹೀಗಾಗಿ ಫ್ಲ್ಯಾಟ್‌ಗೆ ಒಂದು ಕೀ, ಅಪರೂಪಕ್ಕೆ ಬೇಕಾಗುವ ನ್ಯಾಚುರಲ್‌ಗೂ ಒಂದೇ ಕೀ, ಮತ್ತೆ ಮತ್ತೆ ಬೇಕಾಗುವ ಶಾರ್ಪ್‌ಗೆ ಮಾತ್ರ ಎರಡು. ಡೊರಿಕೊದವರು ಇದನ್ನು ಸರಿಯಾಗಿ ಆಲೋಚಿಸಿದ್ದಾರೆ: ಸಿಬೇಲಿಯಸ್‌ನ ಲಂಡನ್ ಕಚೇರಿ 2012ರಲ್ಲಿ ಮುಚ್ಚಿದಾಗ ಹೊರಬಂದ ತಂಡ ಸ್ಟೈನ್‌ಬರ್ಗ್ ಸಂಸ್ಥೆಗಾಗಿ ಕಟ್ಟಿ 2016ರಲ್ಲಿ ಬಿಡುಗಡೆ ಮಾಡಿದ ಆ ತಂತ್ರಾಂಶದಲ್ಲಿ ಶಿಫ್ಟ್ ಇಲ್ಲದ ಸಮ ಚಿಹ್ನೆಯೇ ಶಾರ್ಪ್, ಪಕ್ಕದ ಕಳೆ ಚಿಹ್ನೆ ಫ್ಲ್ಯಾಟ್, ಅದರ ಪಕ್ಕದ ಸೊನ್ನೆ ನ್ಯಾಚುರಲ್. ಮ್ಯೂಸ್‌ಸ್ಕೋರ್‌ನಲ್ಲಿ ಸೊನ್ನೆ ವಿರಾಮಕ್ಕೆ ಹೋಗಿರುವುದರಿಂದ ಅದನ್ನು ಹಾಗೆಯೇ ನಕಲು ಮಾಡಲಾಗದು, ಆದರೆ ಶಾರ್ಪ್ ಮತ್ತು ನ್ಯಾಚುರಲ್‌ಗಳ ಕೀಗಳನ್ನು ಅದಲುಬದಲು ಮಾಡಿದರೆ ಸಾಕು, ಮೂರನೆಯ ಕೀಯನ್ನು ಹುಡುಕುವ ಅಗತ್ಯವೇ ಇಲ್ಲ. ಈ ತಂತ್ರಾಂಶವನ್ನು ಹೊಸದಾಗಿ ಹಾಕಿಕೊಂಡ ಯಾರಿಗಾದರೂ ನಾನು ಹೇಳುವ ಮೊದಲ ಬದಲಾವಣೆ ಇದೇ.

ಅಂಕಿಫಲಕವಿರುವ ಕೀಬೋರ್ಡಿನವರಿಗೆ ಅಲ್ಲಿನ ಅಧಿಕ ಚಿಹ್ನೆ ಶಿಫ್ಟ್ ಇಲ್ಲದೆಯೇ ಸಿಗುವುದರಿಂದ ಈ ತೊಂದರೆ ಅಷ್ಟಾಗಿ ತಿಳಿಯದೆ ಹೋಗಬಹುದು. ಸ್ವರ ಬರೆದ ಮೇಲೆ ಮೇಲಿನ ಬಾಣದ ಕೀ ಒತ್ತಿ ಅರ್ಧ ಸ್ವರ ಏರಿಸುವವರೂ, ಕೆಳಗಿನ ಬಾಣದಿಂದ ಇಳಿಸುವವರೂ ಇದ್ದಾರೆ. ಆ ಕ್ರಮವೂ ತಪ್ಪಲ್ಲ. ಹೆಸರು ಬೇಕಾದಂತೆ ಬರದಿದ್ದರೆ ‘ಜೆ’ ಒತ್ತಿ ಸಿ ಶಾರ್ಪನ್ನು ಡಿ ಫ್ಲ್ಯಾಟ್ ಮಾಡಿಕೊಳ್ಳಬಹುದು.

ಇದಕ್ಕಿಂತ ಹೆಚ್ಚು ಸಮಯ ತಿನ್ನುವುದು ಸ್ಥಾಯಿ. ಅಕ್ಷರ ಒತ್ತಿದಾಗ ಅದು ಯಾವ ಸ್ಥಾಯಿಯ ಸ್ವರವೆಂದು ತಂತ್ರಾಂಶಕ್ಕೆ ತಿಳಿಯುವುದು ಹೇಗೆ? ಹಿಂದಿನ ಸ್ವರಕ್ಕೆ ಹತ್ತಿರವಾದದ್ದನ್ನು ಅದು ಆರಿಸಿಕೊಳ್ಳುತ್ತದೆ. ಮೂರು ಮೆಟ್ಟಿಲೊಳಗಿನ ನೆಗೆತವಾದರೆ ಅದರ ಊಹೆ ಸರಿ, ನಾಲ್ಕು ಮೆಟ್ಟಿಲಾದರೆ ತಪ್ಪು. ಸಿ ಯನ್ನು ಷಡ್ಜವಾಗಿಟ್ಟುಕೊಂಡು ನೋಡಿದರೆ ಸ ಆದ ಮೇಲೆ ಮ ಬೇಕೆಂದು ‘ಎಫ್’ ಒತ್ತಿದಾಗ ಮೇಲಿನ ಮಧ್ಯಮವೇ ಬರುತ್ತದೆ, ಆದರೆ ಸ ಆದ ಮೇಲೆ ಪ ಬೇಕೆಂದು ‘ಜಿ’ ಒತ್ತಿದಾಗ ಬರುವುದು ಮಂದ್ರ ಪಂಚಮ. ಕಂಟ್ರೋಲ್ ಹಿಡಿದು ಮೇಲಿನ ಬಾಣ ಒತ್ತಿದರೆ ಅದು ಒಂದು ಸ್ಥಾಯಿ ಮೇಲೇರುತ್ತದೆ; ಅಲ್ಲಿಂದ ಮುಂದೆ ‘ಸಿ’ ಒತ್ತಿದರೆ ತಾರ ಷಡ್ಜ ತಾನಾಗಿ ಸರಿಯಾದ ಜಾಗಕ್ಕೆ ಬರುತ್ತದೆ. ಸ–ಪ–ಸ ಎಂಬ ನೆಗೆತವಿಲ್ಲದ ಸಂಗೀತ ಪೂರ್ವದಲ್ಲಿಯೂ ಇಲ್ಲ, ಪಶ್ಚಿಮದಲ್ಲಿಯೂ ಇಲ್ಲ, ಆದ್ದರಿಂದ ಸ್ಥಾಯಿ ಬದಲಿಸುವ ಕೀಯನ್ನು ಹೆಚ್ಚು ಬಳಸಬೇಕಾಗುವುದು ಖಚಿತ.

ಬಾಣದ ಕೀಗಳ ಪಕ್ಕದಲ್ಲಿ ಬಲಗಡೆಯ ಕಂಟ್ರೋಲ್ ಇದ್ದರೆ ಇದು ಒಂದೇ ಕೈಯ ಕೆಲಸ. ಆದರೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬಲಗಡೆ ಕಂಟ್ರೋಲ್ ಇರುವುದಿಲ್ಲ, ಬಾಣಗಳೂ ಅರ್ಧ ಗಾತ್ರಕ್ಕೆ ಕುಗ್ಗಿರುತ್ತವೆ. ಅಂಥ ಯಂತ್ರದಲ್ಲಿ ಎಡಗೈ ಅಕ್ಷರಗಳನ್ನು ಬಿಟ್ಟು ಕೆಳಮೂಲೆಗೆ ಇಳಿಯಬೇಕಾಗುತ್ತದೆ, ಅಲ್ಲಿಗೆ ಲಯ ಮುರಿಯಿತು. ಇದಕ್ಕೆ ನನ್ನ ಆಯ್ಕೆ, ಸ್ಥಾಯಿ ಏರಿಸಲು ಬಲಗೈ ಕಿರುಬೆರಳಿನ ಬಳಿಯ ಮೇಲ್ಕೊಕ್ಕೆ, ಅಂದರೆ ಒಂಟಿ ಉದ್ಧರಣ ಚಿಹ್ನೆಯ ಕೀ. ಇಳಿಸಲು ಅಲ್ಪವಿರಾಮದ ಕೀ. ಸ್ವರದ ಹೆಸರಿಗೆ ಮೇಲ್ಕೊಕ್ಕೆ ಹಾಕಿ ಮೇಲಿನ ಸ್ಥಾಯಿಯನ್ನೂ ಅಲ್ಪವಿರಾಮ ಹಾಕಿ ಕೆಳಗಿನ ಸ್ಥಾಯಿಯನ್ನೂ ತೋರಿಸುವ ಪದ್ಧತಿ ಯುರೋಪಿನಲ್ಲಿ ಹಳೆಯದು, ಲಿಲಿಪಾಂಡ್ ಕೂಡ ಇವನ್ನೇ ಬಳಸುತ್ತದೆ, ಹೀಗಾಗಿ ಕಲಿತದ್ದು ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ. ನೀವು ಆರಿಸಿದ ಕೀ ಬೇರೆ ಯಾವುದಾದರೂ ಕೆಲಸಕ್ಕೆ ಮೊದಲೇ ನಿಗದಿಯಾಗಿದ್ದರೆ ಸೆಟ್ಟಿಂಗ್ ಪರದೆಯೇ ಎಚ್ಚರಿಸುತ್ತದೆ. ಆಗ ಆ ಇನ್ನೊಂದು ಕೆಲಸ ನಿಮಗೆ ಎಷ್ಟು ಮುಖ್ಯ ಎಂದು ನೋಡಿ ತೀರ್ಮಾನಿಸಬಹುದು.

ಕರ್ನಾಟಕ ಸಂಗೀತದ ರಚನೆಗಳನ್ನು ಪಿಟೀಲು ವೃಂದಕ್ಕಾಗಲಿ ಕಾಯರ್ ಎಂಬ ಗಾಯನ ವೃಂದಕ್ಕಾಗಲಿ ಸ್ಟಾಫ್ ನೋಟೇಶನ್‌ನಲ್ಲಿ ಬರೆದುಕೊಡುವವರು ನಮ್ಮಲ್ಲಿದ್ದಾರೆ. ಅವರು ಶಾರ್ಪ್, ಫ್ಲ್ಯಾಟ್ ಕೀಗಳ ಚಿಂತೆಯನ್ನು ಬಹುಮಟ್ಟಿಗೆ ನೀಗಿಕೊಳ್ಳುವ ಉಪಾಯವೊಂದಿದೆ. ಅಕ್ಷರ ಒತ್ತಿದಾಗ ತಂತ್ರಾಂಶ ಸಾಲಿನ ಆರಂಭದಲ್ಲಿರುವ ಕೀ ಸಿಗ್ನೇಚರನ್ನು, ಅಂದರೆ ಯಾವ ಸ್ವರಗಳು ಶಾರ್ಪ್ ಅಥವಾ ಫ್ಲ್ಯಾಟ್ ಎಂದು ತೋರಿಸುವ ಗುರುತನ್ನು, ಗೌರವಿಸುತ್ತದೆ. ಷಡ್ಜವನ್ನು ಸಿ ಎಂದಿಟ್ಟುಕೊಂಡರೆ ಶಂಕರಾಭರಣಕ್ಕೆ ಏನೂ ಬೇಡ. ಕಲ್ಯಾಣಿಗೆ ಒಂದು ಶಾರ್ಪ್, ಹರಿಕಾಂಭೋಜಿಗೆ ಒಂದು ಫ್ಲ್ಯಾಟ್, ಖರಹರಪ್ರಿಯಕ್ಕೆ ಎರಡು, ನಟಭೈರವಿಗೆ ಮೂರು, ತೋಡಿಗೆ ನಾಲ್ಕು ಫ್ಲ್ಯಾಟ್. ಇವೆಲ್ಲ ಸಿದ್ಧವಾಗಿಯೇ ಇವೆ. ಮಾಯಾಮಾಳವಗೌಳಕ್ಕೆ ಮಾತ್ರ ಡಿ ಫ್ಲ್ಯಾಟ್ ಮತ್ತು ಎ ಫ್ಲ್ಯಾಟ್ ಎರಡೇ ಬೇಕು, ಬಿ ಮತ್ತು ಇ ಶುದ್ಧವಾಗಿರಬೇಕು. ಈ ಜೋಡಣೆ ಪಾಶ್ಚಾತ್ಯ ಪಟ್ಟಿಯಲ್ಲಿಲ್ಲ. ಆದರೆ ಮ್ಯೂಸ್‌ಸ್ಕೋರ್‌ನಲ್ಲಿ ನಮಗೆ ಬೇಕಾದ ಕೀ ಸಿಗ್ನೇಚರನ್ನು ನಾವೇ ರಚಿಸಿ ಚಿಹ್ನೆಗಳ ಸಂಗ್ರಹವಾದ ಪ್ಯಾಲೆಟ್‌ಗೆ ಸೇರಿಸಿಕೊಳ್ಳುವ ಅವಕಾಶವಿದೆ. ಒಮ್ಮೆ ಹಾಗೆ ಮಾಡಿಟ್ಟರೆ ಸರಳೆ ವರಸೆ, ಜಂಟಿ ವರಸೆಗಳನ್ನು ಬರಿಯ ಏಳು ಅಕ್ಷರಗಳಲ್ಲಿ, ಒಂದು ಫ್ಲ್ಯಾಟನ್ನೂ ಕೈಯಾರೆ ಹಾಕದೆ ಬರೆದು ಮುಗಿಸಬಹುದು. ಹಾಡುವವರ ಶ್ರುತಿ ಬೇರೆಯಿದ್ದರೆ ಸಿ ಯಲ್ಲೇ ಬರೆದು, ಕೊನೆಗೆ ಟ್ರಾನ್ಸ್‌ಪೋಸ್ ಮಾಡಿದರೆ, ಅಂದರೆ ಸ್ವರಗಳನ್ನೆಲ್ಲ ಒಟ್ಟಿಗೆ ಬೇಕಾದ ಶ್ರುತಿಗೆ ಸರಿಸಿದರೆ, ಆಯಿತು. ಗಮಕಗಳನ್ನು ಈ ಲಿಪಿ ಹಿಡಿಯಲಾರದು, ಅದು ಕೀಗಳಿಂದ ಬಗೆಹರಿಯುವ ವಿಷಯವೂ ಅಲ್ಲ.

ಇಲ್ಲಿಯೇ ಇನ್ನೊಂದು ಪ್ರಶ್ನೆ ಏಳುತ್ತದೆ. ಮನಸ್ಸಿನಲ್ಲಿ ಸ ರಿ ಗ ಮ ಎಂದು ಕೇಳಿಸಿಕೊಳ್ಳುವವರು ಸಿ ಡಿ ಇ ಎಫ್ ಎಂದು ಏಕೆ ಒತ್ತಬೇಕು? ಷಡ್ಜಕ್ಕೆ ‘ಎಸ್’, ರಿಷಭಕ್ಕೆ ‘ಆರ್’, ಗಾಂಧಾರಕ್ಕೆ ‘ಜಿ’, ಮಧ್ಯಮಕ್ಕೆ ‘ಎಂ’, ಪಂಚಮಕ್ಕೆ ‘ಪಿ’, ಧೈವತಕ್ಕೆ ‘ಡಿ’, ನಿಷಾದಕ್ಕೆ ‘ಎನ್’ ಎಂದು ಕೀಗಳನ್ನೇ ಬದಲಿಸಿಕೊಂಡರೆ ಆಗದೇ? ಆಗುತ್ತದೆ, ಸ್ವರಾಕ್ಷರಗಳೂ ಶಾರ್ಟ್‌ಕಟ್ ಪಟ್ಟಿಯಲ್ಲಿ ಬದಲಿಸಬಹುದಾದ ಸಾಲುಗಳೇ. ಕೈಗಳ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಒಂದು ನಿಜವಾದ ಲಾಭವೂ ಇದೆ: ಎಸ್, ಆರ್, ಜಿ, ಡಿ ಎಡಗೈಗೆ, ಎಂ, ಪಿ, ಎನ್ ಬಲಗೈಗೆ ಬಂದು ಹೊರೆ ಹಂಚಿಹೋಗುತ್ತದೆ. ಆದರೆ ಬೆಲೆ ತೆರಬೇಕಾದದ್ದೂ ಕಡಿಮೆಯಿಲ್ಲ. ‘ಎಸ್’ ಈಗ ಸ್ವರಗಳನ್ನು ಕೂಡಿಸಿ ನುಡಿಸಲು ಹೇಳುವ ಸ್ಲರ್ ಎಂಬ ಬಾಗುಗೆರೆ ಹಾಕುವ ಕೀ, ‘ಆರ್’ ಹಿಂದಿನದನ್ನು ಪುನರಾವರ್ತಿಸುವ ಕೀ, ‘ಎನ್’ ಬರೆಯುವ ಸ್ಥಿತಿಗೆ ಹೋಗುವ ಕೀ, ‘ಎಂ’ ಅನೇಕ ಬಾರ್‌ಗಳ ವಿರಾಮವನ್ನು ಒಟ್ಟುಗೂಡಿಸುವ ಕೀ. ಇವುಗಳಿಗೆಲ್ಲ ಬೇರೆ ನೆಲೆ ಕಾಣಿಸಬೇಕು. ಒಂದು ಸ್ವರದ ಮೇಲೆ ಇನ್ನೊಂದನ್ನು ಕೂಡಿಸಲು ಶಿಫ್ಟ್ ಜೊತೆಗೆ ಅದೇ ಅಕ್ಷರ ಬಳಸುವ ಕ್ರಮವಿರುವುದರಿಂದ ಆ ಏಳು ಸಾಲುಗಳನ್ನೂ ಬದಲಿಸಬೇಕು, ಆಗ ಸ್ವರವನ್ನು ಮೊಟಕಾಗಿ ನುಡಿಸಲು ಹೇಳುವ ಸ್ಟಕಾಟೋ ಗುರುತು ಹಾಕುವ ಶಿಫ್ಟ್–ಎಸ್ ಕೂಡ ಸ್ಥಳಾಂತರವಾಗಬೇಕು. ಎಲ್ಲಕ್ಕಿಂತ ಮುಖ್ಯವಾದ ತೊಡಕೆಂದರೆ ‘ಡಿ’ ಮತ್ತು ‘ಜಿ’ ಎರಡೂ ಪದ್ಧತಿಗಳಲ್ಲಿ ಇದ್ದು ಬೇರೆ ಬೇರೆ ಸ್ವರಗಳನ್ನು ಸೂಚಿಸುವುದು. ಬೆಳಿಗ್ಗೆ ವರ್ಣ ಬರೆದು ಸಂಜೆ ಗಿಟಾರ್ ಪಾಠ ಬರೆಯುವವರಿಗೆ ಇದು ನಿತ್ಯದ ಗೊಂದಲ. ಆದ್ದರಿಂದ ಕರ್ನಾಟಕ ಸಂಗೀತವನ್ನು ಬಿಟ್ಟು ಬೇರೇನನ್ನೂ ಬರೆಯದವರು ಮಾತ್ರ ಈ ದಾರಿ ಹಿಡಿಯಲಿ. ಎರಡನ್ನೂ ಬರೆಯುವವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಲಯದ ಕಡೆಗೆ ಬಂದರೆ, ಅವಧಿ ಪದೇ ಪದೇ ಬದಲಾಗುವ ನಡಿಗೆಗಳಲ್ಲಿ ಕೀಗಳ ಸಂಖ್ಯೆ ಏರುತ್ತದೆ. ಚುಕ್ಕೆಯಿರುವ ಕ್ವೇವರ್ ಮತ್ತು ಸೆಮಿಕ್ವೇವರ್‌ನ ಜೋಡಿ ಬಾರ್ ತುಂಬ ಬಂದರೆ ಪ್ರತಿ ಎರಡು ಸ್ವರಕ್ಕೆ ಐದು ಕೀ ಬೇಕು. ತಿಶ್ರ ನಡೆಗೆ ಮೊದಲು 5 ಒತ್ತಿ ಎಣಿಕೆಯ ಒಟ್ಟು ಅವಧಿ ಹೇಳಿ, ಕಂಟ್ರೋಲ್ ಜೊತೆ 3 ಒತ್ತಿದರೆ ಆ ಎಣಿಕೆ ಮೂರು ಭಾಗವಾಗುತ್ತದೆ. ಖಂಡಕ್ಕೆ ಕಂಟ್ರೋಲ್ ಜೊತೆ 5, ಮಿಶ್ರಕ್ಕೆ 7. ವಿನ್ಯಾಸ ಚೆಂದವೇ, ಆದರೆ ಮುಂದಿನ ಎಣಿಕೆಗೆ ಮತ್ತೆ ಅದನ್ನೇ ಒತ್ತಬೇಕು. ಇಂಥ ಕಡೆ ಸ್ವರವನ್ನೂ ಲಯವನ್ನೂ ಒಟ್ಟಿಗೆ ಬರೆಯುವ ಹಟ ಬಿಡಬೇಕು. ಒಂದು ಬಾರ್‌ನ ಲಯವನ್ನು ಒಂದೇ ಸ್ವರದಲ್ಲಿ ಬರೆದು, ಆ ಬಾರ್ ಆಯ್ಕೆ ಮಾಡಿ ‘ಆರ್’ ಒತ್ತುತ್ತಾ ಬೇಕಾದಷ್ಟು ಸಲ ಪುನರಾವರ್ತಿಸಿ, ಆಮೇಲೆ ಇರುವ ಸ್ವರಗಳ ಅವಧಿ ಕೆಡದಂತೆ ಸ್ವರವನ್ನಷ್ಟೇ ಬದಲಿಸುವ ಸ್ಥಿತಿಗೆ ಹೋದರೆ ಉಳಿಯುವುದು ಬರಿಯ ಅಕ್ಷರಗಳು, ಸ್ವರಕ್ಕೆ ಒಂದೇ ಕೀ. ಮೇಲೆ ಎಂಟ್ರಿ ಬಟನ್‌ನ ಪಕ್ಕದ ಪಟ್ಟಿಯಲ್ಲಿ ಅವಿತಿರುವ ಈ ಸ್ಥಿತಿಗೆ ಕೈಗೆ ಸುಲಭವಾಗಿ ಎಟುಕುವ ಒಂದು ಕೀಯನ್ನು ಕೊಟ್ಟುಕೊಳ್ಳುವುದು ನಾನು ಹೇಳುವ ಬದಲಾವಣೆಗಳಲ್ಲಿ ಅತಿ ಹೆಚ್ಚು ಸಮಯ ಉಳಿಸುವಂಥದ್ದು.

4.5 ಆವೃತ್ತಿಯಲ್ಲಿ ಸೇರಿದ ಹೊಸ ಸ್ಥಿತಿ ಇದಕ್ಕೆ ತಿರುವುಮುರುವಾದದ್ದು. ಅಲ್ಲಿ ಮೊದಲು ಸ್ವರ ನಿಗದಿಯಾಗುತ್ತದೆ, ಅವಧಿಯ ಅಂಕಿ ಒತ್ತಿದಾಗ ಅದು ಪುಟದ ಮೇಲೆ ದಾಖಲಾಗುತ್ತದೆ. ಫಿನಾಲೆಯ ಸ್ಪೀಡಿ ಎಂಟ್ರಿ ರೂಢಿಯಾದವರಿಗೆ ಇದೇ ಸಹಜವಾದ ಕ್ರಮ. ಪ್ರತಿ ಸ್ವರದ ಅವಧಿಯೂ ಬದಲಾಗುವ ರಚನೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಒಂದೇ ಅವಧಿಯ ಸ್ವರಗಳು ಸಾಲಾಗಿ ಬರುವಲ್ಲಿ ಹಳೆಯ ಕ್ರಮವೇ ವೇಗ, ಏಕೆಂದರೆ ಅಲ್ಲಿ ಅವಧಿಯನ್ನು ಒಮ್ಮೆ ಹೇಳಿದರೆ ಮುಗಿಯಿತು.

ತಂತ್ರಾಂಶದ ದೊಡ್ಡ ಕೊರತೆ ಪ್ಯಾಲೆಟ್‌ಗಳಲ್ಲಿದೆ. ಸ್ಟಕಾಟೋ, ಟೆನುಟೋ, ಆಕ್ಸೆಂಟ್ ಎಂಬ ನುಡಿಸುವ ರೀತಿಯ ಗುರುತುಗಳಿಗೆ ಶಿಫ್ಟ್ ಜೊತೆ ಎಸ್, ಎನ್, ವಿ ಕೀಗಳಿವೆ; ಸ್ಲರ್‌ಗೆ ಎಸ್ ಇದೆ. ಆದರೆ ಪ್ಯಾಲೆಟ್‌ನಲ್ಲಿರುವ ನೂರಾರು ಚಿಹ್ನೆಗಳಲ್ಲಿ ನಮಗೆ ಬೇಕಾದ ಒಂದನ್ನು, ಉದಾಹರಣೆಗೆ ಒಂದು ಬಗೆಯ ಟ್ರಿಲ್ ಅನ್ನು, ಆರಿಸಿ ಅದಕ್ಕೆ ನಮ್ಮದೇ ಕೀ ಕೊಡಲು ದಾರಿಯಿಲ್ಲ. ಪರ್ಯಾಯವಾಗಿ ಕಂಟ್ರೋಲ್ ಜೊತೆ ಎಫ್9 ಒತ್ತಿ ಪ್ಯಾಲೆಟ್ ಹುಡುಕಾಟ ತೆರೆದು, ಹೆಸರಿನ ಮೊದಲ ಅಕ್ಷರಗಳನ್ನು ಟೈಪ್ ಮಾಡಿ, ಬಾಣದಿಂದ ಆಯ್ದು ಎಂಟರ್ ಒತ್ತಬೇಕು. ಡೊರಿಕೊದಲ್ಲಿ ಶಿಫ್ಟ್ ಜೊತೆ ಒಂದು ಅಕ್ಷರ ಒತ್ತಿದರೆ ಸಣ್ಣ ಪೆಟ್ಟಿಗೆ ತೆರೆದು ಅಲ್ಲಿಯೇ ಬರೆಯಲು ಬಿಡುವ ಏರ್ಪಾಡು ಇದಕ್ಕಿಂತ ಎಷ್ಟೋ ಮುಂದಿದೆ. ಸ್ವರ ಬರೆಯುವ ಕೆಲಸದಲ್ಲಿ ಇಷ್ಟು ಆಸ್ಥೆ ತೋರಿಸಿರುವ ತಂತ್ರಾಂಶ ಅಲಂಕಾರ ಚಿಹ್ನೆಗಳಲ್ಲಿ ಬಳಸುವವರನ್ನು ಅರ್ಧದಾರಿಯಲ್ಲಿ ಬಿಡಬಾರದಿತ್ತು.

ಕನ್ನಡ ಸಾಹಿತ್ಯ ಬರೆಯುವವರು ಗಮನಿಸಬೇಕಾದ ವಿಷಯವೊಂದಿದೆ. ಕಂಟ್ರೋಲ್ ಜೊತೆ ‘ಎಲ್’ ಒತ್ತಿದರೆ ಸ್ವರದ ಕೆಳಗೆ ಸಾಹಿತ್ಯ ಬರೆಯಬಹುದು. ಪದ ಮುಗಿದಾಗ ಸ್ಪೇಸ್, ಪದದ ನಡುವೆ ಅಕ್ಷರ ಬಿಡಿಸಲು ಅಡ್ಡಗೆರೆ, ಒಂದೇ ಅಕ್ಷರವನ್ನು ಹಲವು ಸ್ವರಗಳಿಗೆ ಎಳೆಯಲು ಅಡಿಗೆರೆ. ಕನ್ನಡ ಕೀಬೋರ್ಡಿಗೆ ಬದಲಿಸಿಕೊಂಡು ಯುನಿಕೋಡ್‌ನಲ್ಲಿ ಬರೆದು, ಸ್ವರಕ್ಕೆ ಮರಳುವಾಗ ಇಂಗ್ಲಿಷ್‌ಗೆ ಹಿಂದಿರುಗುವುದನ್ನು ರೂಢಿ ಮಾಡಿಕೊಳ್ಳಬೇಕು. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ‘ಡಿ’ ಕೀಯ ಜಾಗದಲ್ಲಿ ಅರ್ಧಾಕ್ಷರದ ಚಿಹ್ನೆಯಿರುತ್ತದೆ, ಕನ್ನಡ ಚಾಲೂ ಇರುವಾಗ ಆ ಕೀಯಿಂದ ರಿಷಭವನ್ನು ನಿರೀಕ್ಷಿಸುವಂತಿಲ್ಲ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಹೀಗಾಗಿ ಸ್ವರ, ಸಾಹಿತ್ಯ ಎಂದು ಸಾಲು ಸಾಲಿಗೂ ಅತ್ತಿಂದಿತ್ತ ಹೋಗದೆ, ಇಡೀ ಕೃತಿಯ ಸ್ವರಗಳನ್ನು ಮೊದಲು ಮುಗಿಸಿ ಆಮೇಲೆ ಸಾಹಿತ್ಯಕ್ಕೆ ಕೈಹಾಕುವುದು ಜಾಣತನ. ಸಾಹಿತ್ಯದ ಅಕ್ಷರ ಶೈಲಿಗೆ ನೋಟೋ ಸಾನ್ಸ್ ಕನ್ನಡದಂಥ ಒಂದು ಕನ್ನಡ ಫಾಂಟನ್ನು ನೀವೇ ನಿಗದಿಪಡಿಸಿದರೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರಗಳ ಅಂತರ ಹೇಗೆ ಬರುತ್ತದೋ ಎಂಬ ಆತಂಕ ಕಡಿಮೆಯಾಗುತ್ತದೆ.

ಇಂಗ್ಲಿಷ್ ವಿನ್ಯಾಸದಲ್ಲೂ ಒಂದು ಸೂಕ್ಷ್ಮವಿದೆ. ವಿಂಡೋಸ್‌ನ ‘ಇಂಗ್ಲಿಷ್ (ಇಂಡಿಯಾ)’ ವಿನ್ಯಾಸದಲ್ಲಿ ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು 4 ಒತ್ತುವುದು ರೂಪಾಯಿ ಚಿಹ್ನೆಗೆ ಮೀಸಲು. ಮ್ಯೂಸ್‌ಸ್ಕೋರ್‌ನಲ್ಲಿ ಅದೇ ಜೋಡಿ ಒಂದೇ ಸಾಲಿನ ನಾಲ್ಕನೆಯ ಧ್ವನಿಯನ್ನು ಬರೆಯಲು ನಿಗದಿಯಾಗಿದೆ. ನಾಲ್ಕು ಧ್ವನಿಗಳ ಕಾಯರ್ ಸಂಗೀತ ಬರೆಯುವವರು ಅಮೆರಿಕದ ಇಂಗ್ಲಿಷ್ ವಿನ್ಯಾಸ ಇಟ್ಟುಕೊಂಡರೆ ಈ ಘರ್ಷಣೆಯೇ ಇರುವುದಿಲ್ಲ.

ಬದಲಾವಣೆ ಮಾಡುವ ಪರದೆ ಪ್ರಿಫರೆನ್ಸಸ್‌ನೊಳಗಿನ ಶಾರ್ಟ್‌ಕಟ್ಸ್ ವಿಭಾಗದಲ್ಲಿದೆ. ಹುಡುಕುವ ಪಟ್ಟಿ ಚೆನ್ನಾಗಿದೆ, ಕೆಲಸದ ಹೆಸರಿನ ಒಂದು ಪದ ಬರೆದರೆ ಸಾಲು ಸಿಗುತ್ತದೆ. ಕೀ ಬದಲಿಸಬಹುದು, ಅಳಿಸಬಹುದು, ಮೂಲಕ್ಕೆ ಮರಳಿಸಬಹುದು. ಆದರೆ ಯಾವ ಕೀ ಖಾಲಿಯಿದೆ ಎಂದು ಕೀಬೋರ್ಡಿನ ಚಿತ್ರದ ಮೇಲೆ ತೋರಿಸುವ ನಕ್ಷೆ ಡೊರಿಕೊದಲ್ಲಿದೆ, ಇಲ್ಲಿಲ್ಲ. ಒಂದೊಂದನ್ನೇ ಒತ್ತಿ ನೋಡಿ ತಿಳಿಯಬೇಕು. ಒಳ್ಳೆಯ ಸಂಗತಿಯೆಂದರೆ ನಮ್ಮ ಆಯ್ಕೆಗಳನ್ನೆಲ್ಲ ಒಂದು ಕಡತವಾಗಿ ಹೊರತೆಗೆದು ಬೇರೊಂದು ಕಂಪ್ಯೂಟರಿಗೆ ಹಾಕಿಕೊಳ್ಳಬಹುದು. ಸಂಗೀತ ಶಾಲೆಯಲ್ಲಿ ಹಲವರು ಒಂದೇ ಯಂತ್ರ ಬಳಸುವಾಗ ಪ್ರತಿಯೊಬ್ಬರೂ ತಮ್ಮ ಕಡತವನ್ನು ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡು ಬಂದು, ಕೆಲಸ ಮುಗಿದ ಮೇಲೆ ಮೂಲ ಸ್ಥಿತಿಗೆ ಮರಳಿಸಿ ಹೋಗುವ ಪದ್ಧತಿ ಮಾಡಿಕೊಳ್ಳಬಹುದು. ಹೊಸ ಆವೃತ್ತಿ ಹಾಕುವ ಮೊದಲು ಈ ಕಡತದ ಒಂದು ಪ್ರತಿಯನ್ನು ತೆಗೆದಿಡುವುದನ್ನೂ, ಶಾರ್ಪ್–ನ್ಯಾಚುರಲ್ ಅದಲುಬದಲು, ಸ್ಥಾಯಿಯ ಎರಡು ಕೀ, ಸ್ವರವಷ್ಟೇ ಬದಲಿಸುವ ಸ್ಥಿತಿಯ ಒಂದು ಕೀ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕದಲ್ಲಿ ಅಂಟಿಸಿಕೊಳ್ಳುವುದನ್ನೂ ಮರೆಯಬೇಡಿ.